ಐವರು ಅಧ್ಯಕ್ಷರ ಅರ್ಥಧಾರಿ

ಐತಪ್ಪಣ್ಣನನ್ನು ಅಮೆರಿಕದ ಅಧ್ಯಕ್ಷನಾಗಿ ನಾನು ಮೊದಲು ಕಂಡದ್ದು ಮಸ್ಕತ್ತಿನ ಹೆದ್ದಾರಿಯಲ್ಲಿ, ಬೆಳಗ್ಗೆ ಏಳಕ್ಕೆ ಕಾಲು ಗಂಟೆ ಇರುವಾಗ. ಅವರ ಎಡಗೈ ಸ್ಟಿಯರಿಂಗಿನ ಮೇಲಿತ್ತು. ಬಲಗೈಯ ತೋರುಬೆರಳು ಕಾರಿನ ಚಾವಣಿಗೆ ತಾಗುತ್ತಿತ್ತು. "ನನ್ನ ನಗರದ ಗೋಪುರಗಳು ಉರಿದು ಬಿದ್ದ ದಿನ ನೀನೆಲ್ಲಿದ್ದೆ? ಈಗ ನನಗೆ ಶಾಂತಿಯ ಪಾಠ ಹೇಳಲು ಬಂದೆಯಾ?" ಎಂದು ಅವರು ಗುಡುಗಿದರು. ಪಕ್ಕದ ಸೀಟಿನಲ್ಲಿ ತಿಂಡಿಯ ಡಬ್ಬಿ ಹಿಡಿದು ಕೂತಿದ್ದ ಹಮೀದಾಕ ಒಂದಿಷ್ಟೂ ಅಲುಗಲಿಲ್ಲ. "ನಾನೆಲ್ಲಿದ್ದೆ ಎಂಬುದು ಹಾಗಿರಲಿ. ಗೋಪುರ ಬೀಳಿಸಿದವರು ಒಂದು ಕಡೆ ಇರುವಾಗ ನೀನು ಸೈನ್ಯ ಕಟ್ಟಿಕೊಂಡು ಇನ್ನೊಬ್ಬನ ಮನೆಗೆ ನುಗ್ಗಿದ್ದು ಯಾಕೆ, ಅದನ್ನು ಹೇಳು," ಎಂದರು. ನಾನು ಆ ಕಾರಿಗೆ ಸೇರಿದ ಮೊದಲ ದಿನ ಅದು. ಗಂಡಸರು ಹೊಡೆದಾಡಿಕೊಳ್ಳುತ್ತಿದ್ದಾರೆಂದೇ ತಿಳಿದು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಾವು ಮೂವರೂ ರುಸೈಲ್‌ನ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆವು, ಮೂವರ ಮನೆಯೂ ವಾದಿ ಕಬೀರ್‌ನಲ್ಲಿ. ಐತಪ್ಪಣ್ಣ ಸ್ಟೋರ್ ಕೀಪರ್, ಬಂಟ್ವಾಳದ ಕಡೆಯವರು. ಹಮೀದಾಕ ಲೋಡಿಂಗ್ ನೋಡಿಕೊಳ್ಳುವವರು, ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮರು. ನಾನು ಪರ್ಚೇಸ್‌ನಲ್ಲಿ. ಕಾರು ಐತಪ್ಪಣ್ಣನದು, ಬಿಳಿಯದು, ಏಸಿ ಹಾಕಿದರೆ ದಿಬ್ಬ ಏರುವ ಶಕ್ತಿ ಹೋಗುವಂಥದು. ಮುಂದಿನ ಒಂಬತ್ತು ವರ್ಷ ದಿನಕ್ಕೆ ಎರಡು ಹೊತ್ತು ನಾನು ಅದರ ಹಿಂದಿನ ಸೀಟಿನಲ್ಲಿ ಕೂತು ಅಮೆರಿಕದ ವಿದೇಶ ನೀತಿಯನ್ನು ಕೇಳಿದ್ದೇನೆ. ಪುಸ್ತಕ ಓದಿ ಕಲಿತವರಿಗೆ ನನ್ನಷ್ಟು ನಗು ಸಿಕ್ಕಿರಲಾರದು.

ಊರಿನಲ್ಲಿದ್ದಾಗ ಐತಪ್ಪಣ್ಣ ತಾಳಮದ್ದಲೆಯ ಅರ್ಥಧಾರಿ. ತಾಳಮದ್ದಲೆಯೆಂದರೆ ವೇಷ ಕುಣಿತಗಳಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಚಾಪೆಯ ಮೇಲೆ ಎದುರೆದುರು ಕೂತು ತಮ್ಮ ತಮ್ಮ ಪಾತ್ರದ ಪರವಾಗಿ ವಾದಿಸುತ್ತಾರೆ. ಬರೆದಿಟ್ಟ ಮಾತೆಂಬುದಿಲ್ಲ, ಅಲ್ಲೇ ಹುಟ್ಟಬೇಕು. ಐತಪ್ಪಣ್ಣ ಸದಾ ಕೇಳಿ ಪಡೆಯುತ್ತಿದ್ದದ್ದು ಕೊನೆಗೆ ಸೋಲುವ ರಾಜರ ಪಾತ್ರಗಳನ್ನು. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ ಅವರು, "ಗೆಲ್ಲುವವನಿಗೆ ದೇವರುಂಟು, ಪುಣ್ಯ ಉಂಟು, ಭಾಗವತರ ಒಳ್ಳೊಳ್ಳೆ ಪದ ಎಲ್ಲ ಅವನಿಗೇ. ಸೋಲುವವನಿಗೆ ಮಾತು ಬಿಟ್ರೆ ಎಂತ ಉಂಟು ವನಿತಕ್ಕ?" ಎಂದಿದ್ದರು.

ಮಸ್ಕತ್ತಿಗೆ ಬಂದ ಮೇಲೆ ಚಾಪೆಯೂ ಇಲ್ಲ, ಭಾಗವತರೂ ಇಲ್ಲ. ವರ್ಷಕ್ಕೊಮ್ಮೆ ಊರಿನ ಸಂಘದವರು ಯಕ್ಷಗಾನ ಆಡಿಸುತ್ತಿದ್ದರು, ಆದರೆ ಅಲ್ಲಿ ಜನಕ್ಕೆ ಬೇಕಾದದ್ದು ಬಣ್ಣ, ಕುಣಿತ. ಮಾತಿನ ಹಸಿವು ಇವರ ಹೊಟ್ಟೆಯಲ್ಲೇ ಉಳಿಯಿತು. ಕಡೆಗೆ ಆ ಹಸಿವಿಗೆ ದಾರಿ ತೋರಿಸಿದ್ದು ಕಾರಿನ ರೇಡಿಯೊದ ವಾರ್ತೆ. ಅಷ್ಟೆಲ್ಲ ಬಿಟ್ಟು ಅಮೆರಿಕವೇ ಯಾಕೆ ಬೇಕಿತ್ತೆಂದರೆ ಅದಕ್ಕೂ ಅವರ ಬಳಿ ಉತ್ತರವಿತ್ತು. "ಊರಿನದ್ದು ಮಾತಾಡಿದ್ರೆ ನಮ್ಮಿಬ್ಬರ ಸ್ನೇಹ ಹೋಗ್ತದೆ. ಇಲ್ಲಿನದ್ದು ಮಾತಾಡಿದ್ರೆ ವೀಸಾ ಹೋಗ್ತದೆ. ಅಮೆರಿಕದ್ದು ಮಾತಾಡಿದ್ರೆ ಪೆಟ್ರೋಲ್ ಮಾತ್ರ ಹೋಗುದು." ಹಮೀದಾಕ ಇದಕ್ಕೆ ಅರಬ್ಬಿಯಲ್ಲೇ "ಸಹೀಹ್, ಸಹೀಹ್" ಎಂದು ತಲೆಯಾಡಿಸುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಏನೇನೋ ನಡೆದ ದಿನಗಳಲ್ಲೂ ಆ ಕಾರಿನೊಳಗೆ ಇಬ್ಬರು ಅಧ್ಯಕ್ಷರು ಮಾತ್ರ ಜಗಳವಾಡಿದರು.

ತಾನು ಬಂದಾಗಿನಿಂದ ಐವರು ಅಧ್ಯಕ್ಷರನ್ನು ಕಂಡೆ ಎನ್ನುವುದು ಐತಪ್ಪಣ್ಣನ ಹೆಮ್ಮೆ. ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಪಾತ್ರದ ಹೆಸರು ಸಾಕು, ಮನುಷ್ಯನ ಹೆಸರು ಯಾಕೆ ಎಂಬುದು ಅವರ ವಾದ. ಮೊದಲನೆಯವ 'ನಗುಮುಖದವ', ಹಗೆಗಳಿಬ್ಬರನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸಿ ಕೈ ಕುಲುಕಿಸಿ ಫೋಟೊ ತೆಗೆಸಿದವ. ಎರಡನೆಯವ 'ಕತ್ತಿ ಹಿರಿದವ', ನಮ್ಮ ಕಡೆಯೋ ಹಗೆಯ ಕಡೆಯೋ ಎಂದು ಕೇಳಿ ನಡುವೆ ಕೂರಲು ಯಾರಿಗೂ ಚಾಪೆ ಹಾಸದವ, ಸಿಗದ ಅಸ್ತ್ರಕ್ಕಾಗಿ ಒಂದಿಡೀ ದೇಶವನ್ನು ಜಾಲಾಡಿದವ. ಮೂರನೆಯವ 'ಸವಿಮಾತಿನವ'. ಅವನ ಮೇಲೆ ಐತಪ್ಪಣ್ಣನಿಗೆ ಒಂದು ಬಗೆಯ ಹೊಟ್ಟೆಕಿಚ್ಚೇ ಇತ್ತು. "ಅರ್ಥಗಾರಿಕೆ ಅಂದ್ರೆ ಅವನದ್ದು ಮಾರಾಯ್ತಿ! ಇರಾನಿನವರ ಜೊತೆ ಸಂಧಾನಕ್ಕೆ ಗುಟ್ಟಾಗಿ ನಮ್ಮ ಮಸ್ಕತ್ತಿಗೇ ಜನ ಕಳಿಸಿದ. ಅದೇ ಹೊತ್ತಿಗೆ ಆ ಕಡೆ ಬೆಟ್ಟದಲ್ಲಿ ಡ್ರೋನ್ ಹಾರಿಸಿ ಆಕಾಶದಿಂದ ಬಾಣ ಬಿಡ್ತಾ ಇದ್ದ. ಧ್ವನಿ ಮಾತ್ರ ಒಂಚೂರು ಏರ್ಲಿಲ್ಲ!" ನಾಲ್ಕನೆಯವ 'ಕಾಗದ ಹರಿದವ'. ಕಾವಲು ಕಾದದ್ದಕ್ಕೆ ಮಿತ್ರರಲ್ಲಿ ಬಾಡಿಗೆ ಕೇಳಿದ, ಯಾರೂ ಮಾತಾಡಿಸದ ಹಗೆಯ ಹೆಗಲ ಮೇಲೆ ಕೈ ಹಾಕಿದ, ಹಿಂದಿನವನು ಸಹಿ ಹಾಕಿದ್ದನ್ನು ಹರಿದು ಬಿಸಾಡಿದ. ಐದನೆಯವ 'ಅಜ್ಜ'. ಮುರಿದ ನೆಂಟಸ್ತಿಕೆಗಳನ್ನು ಜೋಡಿಸಲು ಹೊರಟವ, ಇಪ್ಪತ್ತು ವರ್ಷದ ಯುದ್ಧದಿಂದ ಸೈನ್ಯವನ್ನು ವಾಪಸ್ ಕರೆದವ. ಮತ್ತೆ ನಾಲ್ಕನೆಯವನೇ ಇನ್ನೊಮ್ಮೆ ಬಂದಾಗ ಐತಪ್ಪಣ್ಣ ಮೂರು ದಿನ ಗೊಂದಲದಲ್ಲಿದ್ದರು. ಮಲಗಿದ ಪಾತ್ರ ಮತ್ತೆ ಎದ್ದು ಬರುವ ಪ್ರಸಂಗವನ್ನು ಅವರು ಕೇಳಿಯೇ ಇರಲಿಲ್ಲವಂತೆ.

ಅವರ ಒಂದು ಕಟ್ಟುನಿಟ್ಟಿನ ನಿಯಮವೆಂದರೆ ವಹಿಸಿದ ಪಾತ್ರವನ್ನು ಬಯ್ಯುವಂತಿಲ್ಲ. ಇಂದು ಹರಿದವನ ಪಾತ್ರ ಸಿಕ್ಕಿದರೆ ಹರಿದದ್ದೇ ಸರಿಯೆಂದು ವಾದಿಸಬೇಕು, ನಾಳೆ ಸಹಿ ಹಾಕಿದವನಾದರೆ ಸಹಿಯೇ ಸರಿ. ಒಮ್ಮೆ ಹಮೀದಾಕನ ಸರದಿಗೆ ಕತ್ತಿ ಹಿರಿದವ ಬಂದ. ಅವರು ಬೇಸರದಿಂದ, "ಅಲ್ಲಾ, ಈ ಮನುಷ್ಯನ ಪರ ನಾನು ಎಂತ ಹೇಳುದು?" ಎಂದರು. ಐತಪ್ಪಣ್ಣ ಕಾರನ್ನು ಬದಿಗೆ ತಂದು ನಿಲ್ಲಿಸಿಯೇಬಿಟ್ಟರು. "ಅವ ಯಾರಿಗೆ ಹೆದರಿದ್ದ ಅಂತ ಮೊದಲು ಯೋಚನೆ ಮಾಡು. ರಾಜ ತಪ್ಪು ಮಾಡುದು ಧೈರ್ಯದಿಂದ ಅಲ್ಲ ಹಮೀದ್, ಹೆದರಿಕೆಯಿಂದ." ಹಮೀದಾಕ ಯೋಚಿಸಿ ಮಾತು ಶುರು ಮಾಡುವ ತನಕ ಕಾರು ಮುಂದೆ ಹೋಗಲಿಲ್ಲ. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಲಾರಿಯವನಿಗೆ ಈ ರಾಜಕಾರಣ ಹೇಗೆ ತಿಳಿಯಬೇಕು?

ಇನ್ನೊಂದು ದಿನದ ಕಥೆಯನ್ನು ಫ್ಯಾಕ್ಟರಿಯಲ್ಲಿ ಇಂದಿಗೂ ಹೇಳಿ ನಗುತ್ತಾರೆ. ಅಂದು ಐತಪ್ಪಣ್ಣ ಅಜ್ಜ. ಸೈನ್ಯವನ್ನು ವಾಪಸ್ ಕರೆಯುವ ನಿರ್ಧಾರವನ್ನು ಸಮರ್ಥಿಸುತ್ತಿದ್ದರು. "ಮಗ ಹೋದ ಯುದ್ಧಕ್ಕೆ ಮೊಮ್ಮಗನನ್ನೂ ಕಳಿಸಬೇಕೇ?" ಎಂದು ಕೇಳಿದರು. ನನಗೆ ಕಣ್ಣು ತುಂಬಿ ಬಂತು, ಹಮೀದಾಕ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ರುಸೈಲ್‌ಗೆ ಹೋಗಲು ಗಡಿಯಾರದ ಗೋಪುರದ ಬಳಿ ನಿಜ್ವಾ ರಸ್ತೆಗೆ ತಿರುಗಬೇಕು. ಐತಪ್ಪಣ್ಣನ ಮಾತಿನಲ್ಲಿ ಸೈನ್ಯ ಇನ್ನೂ ವಿಮಾನ ಹತ್ತುತ್ತಿದ್ದುದರಿಂದ ಯಾರಿಗೂ ಅದು ನೆನಪಾಗಲಿಲ್ಲ. ಕೊನೆಯ ಸೈನಿಕ ಹತ್ತಿದ ಮೇಲೆ ನಾನು ಹೊರಗೆ ನೋಡಿದರೆ ತಿರುವು ದಾಟಿ ಎಷ್ಟೋ ದೂರದ ಅಲ್ ಮಬೇಲಾದ ಟೈರ್ ಅಂಗಡಿಗಳು! ವಾಪಸ್ ಬಂದು ಫ್ಯಾಕ್ಟರಿ ಮುಟ್ಟುವಾಗ ಐವತ್ತು ನಿಮಿಷ ತಡ. ಮ್ಯಾನೇಜರ್ ಕಾರಣ ಕೇಳಿದ್ದಕ್ಕೆ ಐತಪ್ಪಣ್ಣ ತಲೆ ತಗ್ಗಿಸಿ "ವಿತ್‌ಡ್ರಾವಲ್ ಟುಕ್ ಟೈಮ್ ಸರ್" ಎಂದರಂತೆ. ಮೂವರಿಗೂ ಮೆಮೊ ಬಂತು. ನನ್ನ ಮೆಮೊ ಇನ್ನೂ ನನ್ನ ಬಳಿ ಇದೆ.

ಅಮೆರಿಕ ಮತ್ತು ಇರಾನಿನವರು ಮತ್ತೆ ಸಂಧಾನಕ್ಕೆ ನಮ್ಮ ಮಸ್ಕತ್ತಿಗೆ ಬರುತ್ತಾರೆಂದು ತಿಳಿದಾಗ ಐತಪ್ಪಣ್ಣನ ಸಂಭ್ರಮ ನೋಡಬೇಕಿತ್ತು. ತಮ್ಮ ಮನೆಗೇ ಮೇಳ ಬರುತ್ತದೆಯೆಂಬಂತೆ ಗಡ್ಡ ಹೆರೆಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಸಂಜೆ ವಾಪಸ್ ಬರುವಾಗ ವಾರ್ತೆ ಹೇಳಿತು: ಎರಡು ಕಡೆಯವರೂ ಬೇರೆ ಬೇರೆ ಕೋಣೆಗಳಲ್ಲಿ ಕೂತಿದ್ದರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಮಾನಿನವರೇ ಮುಟ್ಟಿಸುತ್ತಿದ್ದರು. ಐತಪ್ಪಣ್ಣನಿಗೆ ತಡೆಯಲಾಗಲಿಲ್ಲ.

"ಎಂತ? ಬೇರೆ ಬೇರೆ ಕೋಣೆಯಾ? ಮುಖ ನೋಡದೆ ಎಂತ ಅರ್ಥ ಹೇಳುದು? ಒಂದು ಅರ್ಥಧಾರಿ ಅಡಿಗೆಕೋಣೆಯಲ್ಲಿ, ಒಂದು ಜಗಲಿಯಲ್ಲಿ, ಭಾಗವತರು ನಡುವೆ ಓಡುದಾ!"

"ಅಷ್ಟಾದ್ರೂ ಬಂದ್ರಲ್ಲ ಐತಪ್ಪಣ್ಣ," ಎಂದರು ಹಮೀದಾಕ.

"ಬಂದದ್ದು ಹೌದು. ಪಾಪ ಒಮಾನಿನವರ ಕಾಲು ನೋವು ಯಾರು ಕೇಳ್ತಾರೆ?"

ಮನೆ ಬರುವವರೆಗೂ ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂತು. ಇಳಿಯುವಾಗ ಐತಪ್ಪಣ್ಣ ಮಾತ್ರ ನಗದೆ ಹೇಳಿದರು: "ಯಾರೂ ಕೂರದ ಕಡೆ ಈ ಒಮಾನಿನವರು ಚಾಪೆಯಾದರೂ ಹಾಸ್ತಾರೆ ವನಿತಕ್ಕ. ಅದು ದೊಡ್ಡದೇ."

ಇನ್ನು ನನ್ನ ಮಗಳು ಶ್ರಾವ್ಯಳ ವಿಷಯ. ಹತ್ತನೆಯ ತರಗತಿ. ಹಿಂದಿನ ವರ್ಷ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮೈಕಿನ ಮುಂದೆ ನಿಂತವಳಿಗೆ ಒಂದು ಶಬ್ದವೂ ಹೊರಡಲಿಲ್ಲ. ಎರಡು ನಿಮಿಷ ಹಾಗೆಯೇ ನಿಂತು ಇಳಿದು ಬಂದಳು. ಅಂದಿನಿಂದ ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಳು. ಮನೆಯಲ್ಲೂ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಶಬ್ದದ ಉತ್ತರ. ನನಗೆ ಅವಳ ಅಂಕಪಟ್ಟಿಯ ಚಿಂತೆ ಇರಲಿಲ್ಲ, ಆ ಮೌನದ ಚಿಂತೆ ಇತ್ತು. ನನ್ನ ಮಗು ದಿನದಿನಕ್ಕೆ ಮಾತಿನಿಂದ ದೂರ ಹೋಗುತ್ತಿತ್ತು.

ಆ ವರ್ಷ ಶಾಲೆಗಳ ನಡುವಿನ ಚರ್ಚಾಸ್ಪರ್ಧೆಗೆ ಇವಳ ತರಗತಿಯ ಹುಡುಗಿಯೊಬ್ಬಳು ಹೋಗಬೇಕಿತ್ತು. ಅವಳು ಟಿಸಿ ತೆಗೆದುಕೊಂಡು ಊರಿಗೆ ಹೋದದ್ದರಿಂದ ಟೀಚರ್ ಶ್ರಾವ್ಯಳ ಹೆಸರು ಬರೆದುಬಿಟ್ಟರು. ಅಮೆರಿಕದ ಅಧ್ಯಕ್ಷರ ವಿದೇಶ ನೀತಿ, ಯಾರ ದಾರಿ ಸರಿ ಎನ್ನುವುದು ವಿಷಯ. ಒಂದೊಂದು ಶಾಲೆಗೆ ಒಬ್ಬೊಬ್ಬ ಅಧ್ಯಕ್ಷ. ಚೀಟಿ ಎತ್ತಿದಾಗ ಇವಳ ಪಾಲಿಗೆ ಬಂದವನು ಐತಪ್ಪಣ್ಣನ ಎರಡನೆಯವ, ಕತ್ತಿ ಹಿರಿದವ. ಎದುರಿಗೆ ಸವಿಮಾತಿನವ.

"ಐ ಕಾಂಟ್, ಅಮ್ಮಾ. ಹೀ ವಾಸ್ ರಾಂಗ್," ಎಂದು ಅಳುತ್ತಾ ಬಾಗಿಲು ಹಾಕಿಕೊಂಡಳು. ನಾನು ಗದರಿದೆ, ಮುದ್ದು ಮಾಡಿದೆ, ಹೊಸ ಫೋನಿನ ಆಸೆ ತೋರಿಸಿದೆ. ಏನೂ ನಡೆಯಲಿಲ್ಲ. ಮರುದಿನ ಕಾರಿನಲ್ಲಿ ವಿಷಯ ಹೇಳಿದಾಗ ಐತಪ್ಪಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಅವರಿಗೆ ಕೆಲಸದ ವಯಸ್ಸು ಮುಗಿದು ವೀಸಾ ರದ್ದಾಗುವ ಸಮಯ, ಆ ತಿಂಗಳ ಕೊನೆಗೆ ಊರಿಗೆ ಹೊರಡುವುದಿತ್ತು. "ಸೋಲುವ ಪಾತ್ರವಾ?" ಎಂದರು. "ಶುಕ್ರವಾರ ಬರ್ತೇನೆ. ಚಾಪೆ ಉಂಟಲ್ಲ ಮನೆಯಲ್ಲಿ?"

ಶುಕ್ರವಾರ ಬೆಳಗ್ಗೆ ಹೆಗಲಿಗೆ ಶಾಲು ಹಾಕಿಕೊಂಡು ಬಂದು ನಮ್ಮ ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಶ್ರಾವ್ಯ ಬರೆದಿಟ್ಟುಕೊಂಡಿದ್ದ ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ಇದನ್ನು ಅಮ್ಮನ ಹತ್ರ ಇಡು. ಅವ ಯಾರಿಗೆ ಹೆದರಿದ್ದ, ಹೇಳು," ಎಂದರು.

"ಹೀ ವಾಸ್ ಬ್ಯಾಡ್, ಅಂಕಲ್."

"ಅಂಕಲ್ ಅಲ್ಲ, ಮಾಮ. ಕೆಟ್ಟವ ಅಂತ ನೀನೇ ಹೇಳಿದ್ರೆ ಮಾತು ಅಲ್ಲಿಗೇ ಖಲಾಸ್. ಮತ್ತೆ ಮೈಕಿನ ಮುಂದೆ ಎಂತ ಹೇಳ್ತಿ? ಅವನ ಮನೆಯೊಳಗೆ ಹೋಗಿ ಕೂತುಕೋ. ಬೆಳಿಗ್ಗೆ ಎದ್ದಿದ್ದಿ, ಗೋಪುರ ಬಿದ್ದಿದೆ, ಸಾವಿರಾರು ಜನ ಸತ್ತಿದ್ದಾರೆ, ದೇಶ ಇಡೀ ನಿನ್ನ ಮುಖ ನೋಡ್ತಾ ಉಂಟು. ನೀನು ಎಂತ ಮಾಡ್ತಿ?"

ಅವಳು ಚಾಪೆಯ ಎಳೆ ಕೀಳತೊಡಗಿದಳು. ನನಗೆ ಬಾಯಿ ಹಾಕದೆ ಇರಲು ಸೆರಗಿನ ತುದಿ ಕಚ್ಚಬೇಕಾಯಿತು. ಕೊನೆಗೆ ಅವಳು ನಿಧಾನವಾಗಿ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, "ನನಗೆ ಹೆದರಿಕೆ ಆಗ್ತದೆ. ಆದ್ರೆ ತೋರಿಸ್ಲಿಕ್ಕೆ ಆಗುದಿಲ್ಲ," ಎಂದಳು. ಐತಪ್ಪಣ್ಣ ತೊಡೆ ತಟ್ಟಿದರು. "ಬಂತು ನೋಡಿ ಪಾತ್ರ!"

ಮೂರನೆಯ ಶುಕ್ರವಾರಕ್ಕೆ ಸವಿಮಾತಿನವನಾಗಿ ಹಮೀದಾಕನೂ ಬಂದರು. "ಎದುರಿಯ ಜೊತೆ ಕೂತು ಒಂದು ಚಾ ಕುಡಿದ್ರೆ ನಿನ್ನ ಗಂಟೇನು ಹೋಗ್ತದೆ?" ಎಂದು ಅವರು ಬಹಳ ನಯವಾಗಿ ಕೇಳಿದರೆ ನನ್ನ ಮಗಳು, "ನೀನು ಚಾ ಕುಡಿಯುವಾಗ ಆಕಾಶದಿಂದ ಗುರಿ ಇಟ್ಟದ್ದು ಯಾರು?" ಎಂದುಬಿಟ್ಟಳು. ಹಮೀದಾಕನ ಕೈಯಲ್ಲಿ ನಿಜವಾಗಿಯೂ ಚಹಾ ಇತ್ತು, ನೆತ್ತಿಗೇರಿತು. ಒಂದು ವರ್ಷದಿಂದ ನಾನು ಕೇಳದ ನಗು ಅವಳ ಬಾಯಿಂದ ಬಂತು. ನಾನು ಅಡಿಗೆಮನೆಗೆ ಹೋಗಿ ಒಬ್ಬಳೇ ಅತ್ತೆ, ಸಂತೋಷಕ್ಕೆ.

ಅಭ್ಯಾಸ ಮುಗಿದ ಮೇಲೆ ನೀರುದೋಸೆ ತಿನ್ನುತ್ತಾ ಐತಪ್ಪಣ್ಣ ಊರಿನ ಕೂಟಗಳ ಕಥೆ ಹೇಳುತ್ತಿದ್ದರು. ಎಷ್ಟು ಗಟ್ಟಿಯಾಗಿ ವಾದಿಸಿದರೂ ಪ್ರಸಂಗದ ಕೊನೆ ಬದಲಾಗುವುದಿಲ್ಲ. ಸೋಲಬೇಕಾದ ರಾಜ ಸೋಲಲೇಬೇಕು, ಕೊನೆಯ ಪದಕ್ಕೆ ತಾನೇ ಬಾಯಿಬಿಟ್ಟು ತಪ್ಪು ಒಪ್ಪಬೇಕು. "ಅಲ್ಲಿ ಅರ್ಥಧಾರಿ ಗೊತ್ತಾಗುದು ಮಗಾ. ವಾದದಲ್ಲಿ ಗೆದ್ದು, ಕಥೆಯಲ್ಲಿ ಸೋತು, ಜನ ನಿನಗಾಗಿ ಅಯ್ಯೋ ಅನ್ನಬೇಕು." ಶ್ರಾವ್ಯ ತಟ್ಟೆಯಲ್ಲಿ ಕೈ ನಿಲ್ಲಿಸಿ ಕೇಳುತ್ತಿದ್ದಳು. ಅದು ಬರೀ ಊರ ಕಥೆಯೆಂದು ನಾನೂ ತಿಳಿದಿದ್ದೆ, ಅವರೂ ತಿಳಿದಿದ್ದರು.

ಚರ್ಚೆಯ ದಿನವೇ ಐತಪ್ಪಣ್ಣನ ವಿಮಾನ, ಮಧ್ಯಾಹ್ನಕ್ಕೆ. ಪೆಟ್ಟಿಗೆಗಳನ್ನು ಹಮೀದಾಕನ ಗೆಳೆಯನ ವ್ಯಾನಿಗೆ ಹಾಕಿಸಿ ಇಬ್ಬರೂ ನೇರ ಸಭಾಂಗಣಕ್ಕೆ ಬಂದರು, ಹಿಂದಿನ ಸಾಲಿನಲ್ಲಿ ಕೂತರು. ಶ್ರಾವ್ಯಳ ಹೆಸರು ಕರೆದರು. ಅವಳು ಮೈಕಿನ ಮುಂದೆ ನಿಂತಳು. ಒಂದು ಕ್ಷಣ ಕಳೆಯಿತು, ಎರಡು, ಮೂರು. ದೇವರೇ, ಮತ್ತೆ ಅದೇ ಆಯಿತೆಂದು ನಾನು ಕಣ್ಣು ಮುಚ್ಚಿದೆ.

ಆಗ ಅವಳ ಬಲಗೈಯ ತೋರುಬೆರಳು ಮೇಲೆದ್ದಿತು. "ನನ್ನ ನಗರ ಉರಿಯುತ್ತಿದ್ದ ಬೆಳಗ್ಗೆ ನೀವ್ಯಾರೂ ನನ್ನ ಕುರ್ಚಿಯಲ್ಲಿ ಕೂತಿರಲಿಲ್ಲ," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಮತ್ತೆ ನಿಲ್ಲಲಿಲ್ಲ. ಎದುರಿನ ಶಾಲೆಯ ಹುಡುಗ ಅಂಕಿ ಅಂಶದ ಹಾಳೆ ಹಿಡಿದು ಎದ್ದರೆ ಇವಳು ಅವನ ಮುಖ ನೋಡಿ ಮಾತಾಡುತ್ತಿದ್ದಳು. ಪ್ರಶ್ನೆಗೆ ಪ್ರಶ್ನೆ, ಏಟಿಗೆ ಎದುರೇಟು. ಹಿಂದೆ ತಿರುಗಿ ನೋಡಿದೆ. ಐತಪ್ಪಣ್ಣ ಎದ್ದು ನಿಂತಿದ್ದರು, ಹಮೀದಾಕ ಅವರ ತೋಳು ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದರು. "ಯಲ್ಲಾ ಐತಪ್ಪಣ್ಣ, ವಿಮಾನ ಹೋಗ್ತದೆ!" "ಇರು ಮಾರಾಯಾ, ಒಂದು ಮಾತು, ಇನ್ನೊಂದೇ ಮಾತು!" ಕೊನೆಗೆ ಅವರು ನನ್ನ ಕಡೆ ಕೈ ಮುಗಿದು, ಹಿಮ್ಮುಖವಾಗಿ ನಡೆಯುತ್ತಲೇ ಬಾಗಿಲು ದಾಟಿದರು. ನಾನು ಅವರನ್ನು ಕಣ್ಣಾರೆ ಕಂಡದ್ದು ಅದೇ ಕೊನೆ.

ಅವರು ಹೋದ ಮೇಲೆ ಸಮಾರೋಪಕ್ಕೆ ಎರಡೆರಡು ನಿಮಿಷ ಕೊಟ್ಟರು. ಸಭೆ ಪೂರ್ತಿ ಅವಳ ಕಡೆಗಿತ್ತು, ಕಪ್ ನಮ್ಮದೇ ಎಂದು ಟೀಚರ್ ನನಗೆ ಸನ್ನೆ ಮಾಡಿಯಾಗಿತ್ತು. ಶ್ರಾವ್ಯ ಬೆರಳು ಇಳಿಸಿದಳು, ಧ್ವನಿಯನ್ನೂ ಇಳಿಸಿದಳು. "ನಾನು ಹುಡುಕಿದ ಅಸ್ತ್ರ ಸಿಗಲಿಲ್ಲ. ನನ್ನ ಹೆದರಿಕೆಗೆ ಬೇರೆಯವರ ಮಕ್ಕಳು ಬೆಲೆ ಕೊಟ್ಟರು. ನಾನು ಶುರು ಮಾಡಿದ್ದನ್ನು ಮುಗಿಸಲು ನನ್ನಿಂದ ಆಗಲಿಲ್ಲ. ತಪ್ಪು ನನ್ನದು," ಎಂದು ಹೇಳಿ, ಎದುರಿನ ಹುಡುಗನಿಗೆ ತಲೆಬಾಗಿ ಕೂತುಬಿಟ್ಟಳು.

ಸಭೆ ತಬ್ಬಿಬ್ಬಾಯಿತು. ಯಾರೋ ಒಬ್ಬರು ಹಿಂದಿನಿಂದ "ಅಯ್ಯೋ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೂವರು ತೀರ್ಪುಗಾರರು ಬಹಳ ಹೊತ್ತು ಪಿಸುಗುಟ್ಟಿದರು. ತನ್ನ ಪಕ್ಷವನ್ನು ತಾನೇ ಬಿಟ್ಟುಕೊಟ್ಟವರಿಗೆ ನಿಯಮದ ಪ್ರಕಾರ ಬಹುಮಾನ ಕೊಡಲು ಬರುವುದಿಲ್ಲವೆಂದರು. ಬಹುಮಾನದ ಕಪ್, ಅಂಕಿ ಅಂಶದ ಹಾಳೆ ಹಿಡಿದ ಹುಡುಗನಿಗೆ ಹೋಯಿತು. ಅವನೇ ಎದ್ದು ನಿಂತು ಇವಳಿಗೆ ಚಪ್ಪಾಳೆ ತಟ್ಟಿದ.

ಹೊರಗೆ ಬರುವಷ್ಟರಲ್ಲಿ ಫೋನ್ ಬಂತು. ಐತಪ್ಪಣ್ಣ, ವಿಮಾನ ನಿಲ್ದಾಣದಿಂದ. "ಎಂತಾಯ್ತು? ಬೇಗ ಹೇಳಿ, ಲೈನು ಹೋಗ್ತಾ ಉಂಟು." ನಾನು ಸ್ಪೀಕರ್ ಹಾಕಿ ಮಗಳ ಕೈಗೆ ಕೊಟ್ಟೆ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಕೊನೆಗೆ ತಪ್ಪು ಒಪ್ಪಿದ್ದನ್ನೂ. ಆ ಕಡೆಯಿಂದ ಗಹಗಹಿಸುವ ನಗು. ಪಕ್ಕದಲ್ಲಿ ಹಮೀದಾಕ "ಎಂತ, ಎಂತ?" ಎಂದು ಕೇಳುತ್ತಿದ್ದುದೂ ಕೇಳಿಸಿತು.

"ಅಯ್ಯೋ ಮಗಾ, ನನ್ನದೇ ತಪ್ಪು! ಒಂದು ಹೇಳ್ಲಿಕ್ಕೆ ಬಿಟ್ಟೇಹೋಯ್ತು. ಕೊನೆಗೆ ಒಪ್ಪುದು ನಮ್ಮ ಚಾಪೆಯ ಕ್ರಮ. ಅಮೆರಿಕದಲ್ಲಿ ಹಾಗಿಲ್ಲ. ಐದು ಅಧ್ಯಕ್ಷರನ್ನು ನೋಡಿದ್ದೇನೆ ನಾನು, ಒಬ್ಬನಾದ್ರೂ ಒಪ್ಪಿದ್ದು ಕೇಳ್ಲಿಲ್ಲ!"

ನನ್ನ ಮಗಳು ಒಂದು ಚೂರೂ ತಡಮಾಡಲಿಲ್ಲ. ಅಚ್ಚ ಕನ್ನಡದಲ್ಲಿ ಹೇಳಿದಳು.

"ಅದಕ್ಕೇ ಮಾಮ, ನಾನು ಒಪ್ಪಿದ್ದು. ಯಾರಾದ್ರೂ ಒಬ್ಬರು ಒಪ್ಪಬೇಕಲ್ಲ?"

ಫೋನಿನಲ್ಲಿ ಮಂಗಳೂರು ವಿಮಾನದ ಪ್ರಕಟಣೆ ಕೇಳಿಸುತ್ತಿತ್ತು. ಐತಪ್ಪಣ್ಣ ಮೂಗು ಸೀಟಿಕೊಂಡರು. ಆಮೇಲೆ ಮೆಲ್ಲಗೆ, "ಹಮೀದ್, ಕೇಳಿದ್ಯಾ? ಹುಡುಗಿ ನನ್ನನ್ನು ಸೋಲಿಸಿದ್ಳು ಮಾರಾಯಾ," ಎಂದು ಹೇಳುತ್ತಿದ್ದಂತೆ ಲೈನು ಹೋಯಿತು.